ಯಾವ ಕ್ಲಾಸಿಗೆ ಗಾಡಿ ಹಾಕೋದು? ಬೆಂಗಳೂರಿನ ಒಂದು ಹಳೇ ಕಾರು ಶೋ, ಗಾಡಿ ನಿಲ್ಲಿಸಿದವಳ ಕಡೆಯಿಂದ

ಐದಕ್ಕೆ ಮೂರೂವರೆ ಸ್ಟಾರ್. ಅದರಲ್ಲಿ ಎರಡು ಪೂರ್ತಿ, ಗಾಡಿಗಳ ಹೆಸರು ಬರೆಸಿಕೊಳ್ಳುವ ಎಂಟ್ರಿ ಡೆಸ್ಕಿಗೇ ಸಲ್ಲಬೇಕು. ನೆರಳು, ಮೈಕು, ತಿಂಡಿ, ಬಹುಮಾನ ಎಲ್ಲ ಸೇರಿ ಮಿಕ್ಕ ಒಂದೂವರೆ.

ಬೆಂಗಳೂರಿನ ಒಂದು ಕ್ಲಬ್ಬು ಕಾಲೇಜು ಮೈದಾನದಲ್ಲಿ ನಡೆಸುವ ಶೋ ಇದು. ಹೆಸರು ಹಾಕಿಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈದಿದ್ದೇನೆ. ಹಳೇ ಕಾರಿನ ಮಂದಿಗೆ ಹೇಗೂ ಗೊತ್ತಾಗುತ್ತದೆ. ನೋಡೋಕೆ ಹೋದವರು ಬರೆದ ರಿವ್ಯೂ, ರೋಲ್ಸ್ ರಾಯ್ಸ್ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಬೇಕಾದಷ್ಟು ಸಿಗುತ್ತವೆ. ನಾನು ಬರೆಯುತ್ತಿರುವುದು ಮನೆಯಲ್ಲೊಂದು ಹಳೇ ಗಾಡಿ ಇಟ್ಟುಕೊಂಡು, "ನಮ್ಮದನ್ನೂ ಹಾಕೋಣವಾ?" ಅಂತ ಯೋಚಿಸುತ್ತಿರುವವರಿಗೆ. ಅಂಥವರಿಗೆ ಫಾರಂನಲ್ಲಿ ಹೆಸರು, ವಿಳಾಸ ಆದಮೇಲೆ ಬರುವ ಮೊದಲ ಪ್ರಶ್ನೆಯೇ ತಲೆನೋವು. ಕ್ಲಾಸ್ ಯಾವುದು? ಅಂದರೆ, ಜಡ್ಜುಗಳು ಅಂಕ ಹಾಕಿ ಬಹುಮಾನ ಕೊಡುವಾಗ ನಮ್ಮ ಗಾಡಿ ಯಾವ ಗುಂಪಿನಲ್ಲಿ ನಿಲ್ಲಬೇಕು?

ನಮ್ಮದು 1968ರ ಅಂಬಾಸಿಡರ್, ಮಾರ್ಕ್ 2 ಅನ್ನುವ ಮಾಡೆಲ್ಲು. ನಮ್ಮ ಮಾವನವರು ಗುಂಡ್ಲುಪೇಟೆಯಲ್ಲಿ ಡಾಕ್ಟರಾಗಿದ್ದರು, ಅವರು ಹೊಸದಾಗಿ ಕೊಂಡ ಗಾಡಿ. ಈಗ ಮೈಸೂರಿನ ಸರಸ್ವತಿಪುರಂ ಮನೆಯ ಶೆಡ್ಡಿನಲ್ಲಿದೆ. ಯಜಮಾನರಿಗೆ ಕಾರಿನ ಹುಚ್ಚು ಇಲ್ಲ. ಆರ್.ಸಿ. ನನ್ನ ಹೆಸರಲ್ಲಿದೆ, ಓಡಿಸುವವಳೂ ನಾನೇ. ನಂಬರು ಇನ್ನೂ ಮೈಸೂರು ರಾಜ್ಯದ ಕಾಲದ್ದು, ಎಂವೈ ಅಕ್ಷರಗಳಿಂದ ಶುರುವಾಗುತ್ತದೆ. ತಿಳಿ ನೀಲಿ ಬಣ್ಣ. ಬಣ್ಣ ಅಂದರೆ ಉಳಿದಷ್ಟು. ಟಾಪಿನ ಮೇಲೆ ಬಿಸಿಲು ತಿಂದು ತಿಂದು ಅಲ್ಲಲ್ಲಿ ಪ್ರೈಮರ್ ಕಾಣುತ್ತದೆ.

ಇನ್ನು ಫಾರಂ. ಅದರಲ್ಲಿ ವರ್ಷದ ಪ್ರಕಾರ ಕ್ಲಾಸುಗಳಿವೆ: 1945ರವರೆಗಿನದು, 1946ರಿಂದ 60, 1961ರಿಂದ 70, ಆಮೇಲೆ 1971ರಿಂದ ಈಚಿನದು, ಆದರೆ ಮೂವತ್ತು ವರ್ಷ ತುಂಬಿರಬೇಕು. ಅದಾದ ಮೇಲೆ ಇನ್ನೊಂದು ಸಾಲು: ಭಾರತದಲ್ಲಿ ತಯಾರಾದದ್ದು, ಪ್ರಿಸರ್ವೇಶನ್, ಮಾಡಿಫೈಡ್, ದ್ವಿಚಕ್ರ. ಒಂದು ಗಾಡಿಗೆ ಒಂದೇ ಕ್ಲಾಸು. ನಮ್ಮ ಅಂಬಾಸಿಡರು ಇದರಲ್ಲಿ ಮೂರು ಕಡೆ ಕೂರುತ್ತದೆ. ಹೆಚ್ಚು ಕಡಿಮೆ ಎಲ್ಲರ ಗಾಡಿಯದೂ ಇದೇ ಕಥೆ. ಎಲ್ಲೂ ಕೂರದ ಗಾಡಿ ಕಡಿಮೆ, ಮೂರು ಕಡೆ ಕೂತು ಎರಡು ಕಡೆ ಸೋಲುವ ಗಾಡಿಗಳೇ ಜಾಸ್ತಿ.

ಈ ವರ್ಷಗಳನ್ನು ಕ್ಲಬ್ಬಿನವರು ಸುಮ್ನೆ ಬರೆದಿಲ್ಲ. ಹಳೇ ವಾಹನಗಳ ಅಂತಾರಾಷ್ಟ್ರೀಯ ಸಂಸ್ಥೆ ಫೀವಾ, 1966ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು, ಅದರ ವಿಂಗಡಣೆಯನ್ನೇ ಸ್ವಲ್ಪ ಚಿಕ್ಕದು ಮಾಡಿದ್ದಾರೆ. ಫೀವಾ ಲೆಕ್ಕದಲ್ಲಿ 1904ರ ಕೊನೆಯವರೆಗಿನವು ಒಂದು ಗುಂಪು, 1905ರಿಂದ 1918 ವೆಟರನ್, 1919ರಿಂದ 1930 ವಿಂಟೇಜ್, 1931ರಿಂದ 45 ಪೋಸ್ಟ್ ವಿಂಟೇಜ್. ಯುದ್ಧ ಮುಗಿದ ಮೇಲಿನವಕ್ಕೆ 1960ರಲ್ಲೊಂದು ಗೆರೆ, 1970ರಲ್ಲಿ ಇನ್ನೊಂದು. ಇಲ್ಲಿ 1945ರವರೆಗಿನದೆಲ್ಲ ಒಂದೇ ಕ್ಲಾಸಿಗೆ ಹಾಕಿದ್ದಾರೆ, ಯಾಕೆಂದರೆ ಅಷ್ಟು ಹಳೇ ಗಾಡಿ ಬರುವುದೇ ಬೆರಳೆಣಿಕೆಯಷ್ಟು.

ನಮ್ಮಲ್ಲಿ ಗೊಂದಲ ಹುಟ್ಟುವುದು "ವಿಂಟೇಜ್" ಅನ್ನುವುದರಿಂದ. ಪಕ್ಕದ ಮನೆಯವರು ನಮ್ಮ ಅಂಬಾಸಿಡರನ್ನೂ ವಿಂಟೇಜ್ ಅನ್ನುತ್ತಾರೆ. ಕೇಂದ್ರ ಸರ್ಕಾರವೂ ಅನ್ನುತ್ತದೆ! 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ, ಮೊದಲು ರಿಜಿಸ್ಟರ್ ಆದ ದಿನದಿಂದ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಕಾರು, ಬೈಕು ವಿಂಟೇಜ್. ಹೊಸದಾಗಿ ರಿಜಿಸ್ಟರ್ ಮಾಡಿಸಿದರೆ ವಿಎ ಅಕ್ಷರ ಇರುವ ನಂಬರು ಕೊಡುತ್ತಾರೆ, ಫೀಸು ಇಪ್ಪತ್ತು ಸಾವಿರ, ಹತ್ತು ವರ್ಷ ನಡೆಯುತ್ತದೆ. ಹಳೇ ನಂಬರು ಇರುವವರು ಅದನ್ನೇ ಉಳಿಸಿಕೊಳ್ಳಬಹುದು. ಶೋಗೆ, ರ‍್ಯಾಲಿಗೆ, ರಿಪೇರಿಗೆ ರಸ್ತೆಗಿಳಿಸಬಹುದು, ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಆದರೆ ಅದು ಆರ್‌ಟಿಒ ವಿಂಟೇಜ್. ಶೋಗಳ ಲೆಕ್ಕದ ವಿಂಟೇಜ್ 1930ಕ್ಕೆ ಮುಗಿಯಿತು. ಇಂಗ್ಲೆಂಡಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬು 1934ರಲ್ಲಿ ಹುಟ್ಟಿದ್ದು, ಅವರ ಗೆರೆಯೂ 1930ರ ಡಿಸೆಂಬರ್ ಕೊನೆಗೇ. "ಕ್ಲಾಸಿಕ್" ಅನ್ನುವುದರ ಪಾಡೂ ಇದೇ. ಅಮೆರಿಕದ ಕ್ಲಾಸಿಕ್ ಕಾರ್ ಕ್ಲಬ್ಬಿಗೆ 1915ರಿಂದ 1948ರ ನಡುವಿನ ಆಯ್ದ ದುಬಾರಿ ಕಾರುಗಳು ಮಾತ್ರ ಪೂರ್ಣ ಕ್ಲಾಸಿಕ್. ನಮ್ಮಲ್ಲಿ ಎಂಬತ್ತರ ದಶಕದ ಕಾಂಟೆಸ್ಸಾ ಕೂಡ ಕ್ಲಾಸಿಕ್ಕೇ. ಆದ್ದರಿಂದ ಫಾರಂನಲ್ಲಿ ಹೆಸರು ನೋಡಬೇಡಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ಬರೆದ ವರ್ಷ ನೋಡಿ. ಈ ಶೋದವರು ಆ ಎರಡು ಪದಗಳನ್ನು ಫಾರಂನಿಂದ ತೆಗೆದೇ ಹಾಕಿದ್ದಾರೆ. ಡೆಸ್ಕಿಗೆ ನಾನು ಕೊಟ್ಟ ಅಂಕದಲ್ಲಿ ಇದಕ್ಕೂ ಒಂದು ಪಾಲಿದೆ.

ವರ್ಷ ಅಂದರೆ ಯಾವ ವರ್ಷ ಅನ್ನುವುದೂ ಒಂದು ಪ್ರಶ್ನೆ. ಆರ್‌ಟಿಒ ನೋಡುವುದು ರಿಜಿಸ್ಟ್ರೇಶನ್ ದಿನ. ಶೋದವರು ನೋಡುವುದು ಗಾಡಿ ಫ್ಯಾಕ್ಟರಿಯಲ್ಲಿ ತಯಾರಾದ ದಿನ. ಡಿಸೆಂಬರ್‌ನಲ್ಲಿ ತಯಾರಾಗಿ ಜನವರಿಯಲ್ಲಿ ರಿಜಿಸ್ಟರ್ ಆದ ಗಾಡಿಗಳು ಎಷ್ಟಿಲ್ಲ? ಹಾಸನದಿಂದ ಬಂದಿದ್ದ ಒಬ್ಬರ ಫಿಯೆಟ್ 1100 ಡಿಲೈಟ್ ಆರ್.ಸಿ. ಬುಕ್ಕಿನಲ್ಲಿ ರಿಜಿಸ್ಟ್ರೇಶನ್ 1971, ತಯಾರಾದದ್ದು 1970. ಅವರು 1971ರ ಮೇಲಿನ ಕ್ಲಾಸಿಗೆ ಹಾಕಿದ್ದರು. ಡೆಸ್ಕಿನವರು ಚಾಸಿ ಪ್ಲೇಟಿನ ಫೋಟೋ ತರಿಸಿಕೊಂಡು, ಫೋನು ಮಾಡಿ, 1961–70ಕ್ಕೆ ಬದಲಾಯಿಸಿದರು. ಅವರಿಗೆ ಅದರಿಂದ ಲಾಭವೇ ಆಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಗಾಡಿಗೆ ವರ್ಷದ ತಕರಾರಿರಲಿಲ್ಲ. 1968 ಎಂದರೆ 1968. ತಕರಾರು ಇದ್ದದ್ದು ಮೂರು ಬಾಗಿಲಲ್ಲಿ ಯಾವುದರಿಂದ ಒಳಗೆ ಹೋಗೋದು ಅನ್ನುವುದರಲ್ಲಿ.

ಮೊದಲನೇದು 1961–70. ಇಲ್ಲಿ ದೇಶ ವಿದೇಶದ ಗಾಡಿ ಎಲ್ಲ ಒಟ್ಟಿಗೆ. ಮರ್ಸಿಡಿಸ್ ಇರುತ್ತದೆ, ಇಂಪಾಲಾ ಇರುತ್ತದೆ, ಫೋಕ್ಸ್‌ವ್ಯಾಗನ್ ಬೀಟಲ್ ಅಂತೂ ಖಂಡಿತ. ಬಹುತೇಕ ಎಲ್ಲವೂ ಬುಡದಿಂದ ಬಿಚ್ಚಿ ಕಟ್ಟಿದ ಗಾಡಿಗಳು. ಅಲ್ಲಿ ಜಡ್ಜ್ ಕೇಳುವುದು, "ಇದು ಫ್ಯಾಕ್ಟರಿ ಗೇಟಿನಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗಿದೆಯಾ?" ನಮ್ಮ ಟಾಪಿನ ಪ್ರೈಮರ್ ನೋಡಿದರೆ ಉತ್ತರ ಬೇರೆ ಬೇಡ.

ಎರಡನೇದು ಭಾರತದಲ್ಲಿ ತಯಾರಾದದ್ದು. ಮನಸ್ಸು ಮೊದಲು ಓಡಿದ್ದು ಈ ಕಡೆಗೇ. ಅಂಬಾಸಿಡರ್‌ಗಿಂತ ಭಾರತದ ಗಾಡಿ ಯಾವುದಿದೆ, ಅಲ್ವಾ? ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಅಚ್ಚು. ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಶುರುವಾಗಿ 2014ರ ಮೇ ತಿಂಗಳವರೆಗೂ ತಯಾರಾಗುತ್ತಿತ್ತು. ಅದೇ ಇಲ್ಲಿನ ಸಮಸ್ಯೆ. ಈ ಕ್ಲಾಸಿನಲ್ಲಿ ಅಂಬಾಸಿಡರೇ ಒಂದು ಸಾಲು ನಿಂತಿರುತ್ತದೆ. ಪಕ್ಕದಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡು, ಬೊಂಬಾಯಿ ಕುರ್ಲಾದ ಪದ್ಮಿನಿ, ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್. ಅಷ್ಟೊಂದು ಅಂಬಾಸಿಡರ್ ಮಧ್ಯೆ ಅಂಕ ಬೇಕಾದರೆ ಪಾಲಿಶ್ ಬೇಕು.

ಇಲ್ಲೇ ಇನ್ನೊಂದು ಮಾತು. ಕೆಲವು ದೊಡ್ಡ ಶೋಗಳಲ್ಲಿ "ಇಂಡಿಯನ್ ಹೆರಿಟೇಜ್" ಅನ್ನುವ ಕ್ಲಾಸಿರುತ್ತದೆ. ಅದನ್ನು ನೋಡಿ ಅಂಬಾಸಿಡರ್ ಹಾಕಬೇಡಿ. ಅಲ್ಲಿ ಹೆರಿಟೇಜ್ ಅಂದರೆ ಮಹಾರಾಜರು, ನವಾಬರು ತರಿಸಿಕೊಂಡ, ಹುಟ್ಟಿನಿಂದ ಇಲ್ಲೇ ಇರುವ ವಿದೇಶಿ ಗಾಡಿಗಳು. ಹೆಸರು ಒಂದೇ ಥರ, ಒಳಗಿನ ಗಾಡಿಗಳೇ ಬೇರೆ. ಸಂಶಯ ಬಂದರೆ ಹಿಂದಿನ ಸಲ ಆ ಕ್ಲಾಸಿನಲ್ಲಿ ಗೆದ್ದದ್ದು ಯಾವುದು ಅಂತ ಕೇಳಿ. ಒಂದೇ ಪ್ರಶ್ನೆಯಲ್ಲಿ ತಿಳಿದುಹೋಗುತ್ತದೆ.

ಮೂರನೇದು ಪ್ರಿಸರ್ವೇಶನ್. ಅಂದರೆ ಬಿಚ್ಚಿ ಕಟ್ಟದೆ, ಇದ್ದ ಹಾಗೆ ಉಳಿಸಿಕೊಂಡು ಬಂದ ಗಾಡಿ.

ಇದನ್ನು ಹೇಳಿದ್ದೇ ತಡ, ಮನೆಯಲ್ಲಿ ಗಲಾಟೆ. ನಮ್ಮ ಅಣ್ಣನ ಮಗನಿಗೆ ಕಾರು ಅಂದರೆ ಪ್ರಾಣ. "ಅತ್ತೆ, ಈ ಅವತಾರದಲ್ಲಿ ಬೆಂಗಳೂರಿಗೆ ತಗೊಂಡು ಹೋದರೆ ಗುಜರಿ ಅಂತಾರೆ. ಒಂದು ಒಳ್ಳೇ ಪೇಂಟ್ ಹೊಡೆಸಿಬಿಡೋಣ" ಅಂದ. ಮಂಡಿ ಮೊಹಲ್ಲಾದ ಟಿಂಕರಿಂಗ್ ಸಾಬರು ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿದರು. "ಅಮ್ಮಾವ್ರೆ, ಪೂರ್ತಿ ಕೆರೆದು, ಟಿಂಕರಿಂಗ್ ಮಾಡಿ, ಬೂತ್ ಪೇಂಟ್ ಕೊಡ್ತೀನಿ. ಮುಖ ನೋಡಿಕೋಬಹುದು" ಅಂದರು. ಅವರು ಹೇಳಿದ ರೇಟಿಗೆ ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತದೆ. ದುಡ್ಡಿನ ಮಾತು ಹಾಗಿರಲಿ. ಮಾವನವರು ರಾತ್ರಿ ಹೊತ್ತು ಹೆರಿಗೆ ಕೇಸಿಗೆ ಹೋಗುವಾಗ ಇದ್ದ ಬಣ್ಣ ಅದು. ಒಂದು ಸಲ ಕೆರೆದರೆ ಹೋಯಿತು. ಅಂಗಡಿಯಲ್ಲಿ ಅದೇ ಶೇಡ್ ಸಿಗುತ್ತದೆ, ಅದೇ ಬಣ್ಣ ಸಿಗುವುದಿಲ್ಲ.

ಭಾವನೆ ಬಿಟ್ಟು ಲೆಕ್ಕ ನೋಡಿದರೂ ಅಷ್ಟೇ. ಹೊಸ ಪೇಂಟ್ ಹೊಡೆಸಿದ ಕೂಡಲೇ ನಮ್ಮ ಗಾಡಿ ಪ್ರಿಸರ್ವೇಶನ್‌ನಿಂದ ಹೊರಗೆ. ರಿಸ್ಟೋರ್ ಮಾಡಿದ, ಅಂದರೆ ಬಿಚ್ಚಿ ಹೊಸದರ ಹಾಗೆ ಕಟ್ಟಿದ ಗಾಡಿಗಳ ಸಾಲಿಗೆ ಬೀಳುತ್ತದೆ. ಅಲ್ಲಿ ಬರೀ ಪೇಂಟ್ ಸಾಲದು. ಸೀಟಿನ ರೆಕ್ಸಿನ್, ಕ್ರೋಮ್, ರಬ್ಬರ್ ಬೀಡಿಂಗು, ವೈರಿಂಗು ಎಲ್ಲ ಆ ಮಟ್ಟಕ್ಕೆ ಬರಬೇಕು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಲ್ಲ ಸುತ್ತಿದರೂ ಮಾರ್ಕ್ 2ರ ಕೆಲವು ಸಾಮಾನು ಸಿಗುವುದಿಲ್ಲ. ಮಾರ್ಕ್ 4ರದ್ದು ಸಿಗುತ್ತದೆ, ಅದನ್ನೇ ಕೂರಿಸಿ ಕಳಿಸುತ್ತಾರೆ. ಚೌಕಳಿ ಗ್ರಿಲ್ಲಿನ ಮಾರ್ಕ್ 2ಕ್ಕೆ ಆಮೇಲಿನ ಗ್ರಿಲ್ ಹಾಕಿ, ಹೊಳೆಯುವ ಬಣ್ಣ ಬಳಿದು, ರಿಸ್ಟೋರೇಶನ್ ಅಂತ ತಂದ ಗಾಡಿಗಳನ್ನು ಈ ಶೋದಲ್ಲೇ ನೋಡಿದೆ. ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಜಡ್ಜ್ ಗ್ರಿಲ್ ನೋಡಿ ಏನೋ ಬರೆದುಕೊಂಡು ಮುಂದೆ ಹೋಗುತ್ತಾರೆ.

ಹಾಗಂತ ಹಳೇದಾಗಿ ಕೊಳೆಯುತ್ತಿರುವ ಗಾಡಿಯೆಲ್ಲ ಪ್ರಿಸರ್ವೇಶನ್ ಆಗುವುದಿಲ್ಲ. ಫೀವಾ ಹಳೇ ಗಾಡಿಗಳಿಗೆ ಕೊಡುವ ಗುರುತಿನ ಕಾರ್ಡಿನಲ್ಲಿ ಇದಕ್ಕೆ ನಾಲ್ಕು ಮೆಟ್ಟಿಲಿವೆ. ಒಂದನೇ ಗುಂಪು ಒರಿಜಿನಲ್, ಅಂದರೆ ತಯಾರಾದ ಹಾಗೇ ಉಳಿದದ್ದು, ಎರಡನೇದು ಅಥೆಂಟಿಕ್, ಅಂದರೆ ಅಲ್ಪಸ್ವಲ್ಪ ರಿಪೇರಿ ಕಂಡರೂ ಮೂಲ ರೂಪ ಬಿಡದ್ದು, ಮೂರನೇದು ರಿಸ್ಟೋರ್ ಮಾಡಿದ್ದು, ನಾಲ್ಕನೇದು ಮತ್ತೆ ಕಟ್ಟಿದ್ದು. ಮೊದಲ ಎರಡರ ಮಧ್ಯೆ ಎಲ್ಲೋ ಇರುವ ಗಾಡಿಗೆ ಈ ಕ್ಲಾಸು ಸರಿ. ನಮ್ಮದು ಅಲ್ಲಿದೆಯಾ ಅನ್ನುವುದು ನನಗೆ ಪೂರ್ತಿ ಖಾತ್ರಿ ಇರಲಿಲ್ಲ. ಎಡಗಡೆ ಹಿಂದಿನ ಮಡ್‌ಗಾರ್ಡ್ ಒಂದು ಸಲ ಬಸ್ಸಿಗೆ ತಾಗಿ ಪೇಂಟ್ ಕಂಡಿದೆ. ಡ್ರೈವರ್ ಸೀಟಿನ ಹೊಲಿಗೆ ಬಿಟ್ಟಿದೆ. ಆದರೆ 1489 ಸಿಸಿಯ ಅದೇ ಇಂಜಿನ್, ಸ್ಟೇರಿಂಗ್ ಪಕ್ಕದ ಅದೇ ಗೇರು, ಮುಂದೆ ಮೂವರು ಕೂರುವ ಅದೇ ಉದ್ದ ಸೀಟು. ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ ತೆಗೆದು ಈಗಿನ ಆಲ್ಟರ್ನೇಟರ್ ಹಾಕಿಸಿ ಅಂತ ಎಲ್ಲ ಮೆಕ್ಯಾನಿಕ್ಕೂ ಹೇಳಿದ್ದಾರೆ. ಮಾವನವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ನಿಧಾನಕ್ಕೆ ಓಡಿಸಿದರೆ ಹೆಡ್‌ಲೈಟು ಮಂಕಾಗುತ್ತದೆ, ನಿಜ. ಹಗಲು ಓಡಿಸಿದರಾಯಿತು.

ಈ ಶೋದ ಎಂಟ್ರಿ ಡೆಸ್ಕನ್ನು ನಾನು ಹೊಗಳುವುದು ಇಲ್ಲೇ. ಫಾರಂ ಕೆಳಗೆ ಒಂದು ಫೋನ್ ನಂಬರು, "ಕ್ಲಾಸ್ ಬಗ್ಗೆ ಸಂಶಯವಿದ್ದರೆ" ಅಂತ. ಮಾಡಿದೆ. ಎತ್ತಿದವರು ವಯಸ್ಸಾದವರು, ಸಾವಧಾನದ ದನಿ.

"ಗಾಡಿ ಮೇಲಿನ ಬಣ್ಣ ಬಿಡಿ ಅಮ್ಮ. ಡಿಕ್ಕಿಯೊಳಗೆ ಸ್ಟೆಪ್ನಿ ತೆಗೆದು ಆ ಗುಂಡಿಯ ಫೋಟೋ ಕಳಿಸಿ. ನಾಲ್ಕೂ ಡೋರು ತೆಗೆದು ಹಿಂಜಸ್ ಹತ್ತಿರದ್ದೂ ಕಳಿಸಿ. ಡ್ಯಾಶ್‌ಬೋರ್ಡ್ ಕೆಳಗಿನ ವೈರಿಂಗು. ಕಾರ್ಪೆಟ್ ಎತ್ತಿ ಫ್ಲೋರು."

"ಫ್ಲೋರಲ್ಲಿ ಒಂದು ಕಡೆ ತುಕ್ಕಿದೆ ಸಾರ್."

"ತುಕ್ಕಿರಲಿ. ತಗಡು ಬೆಸುಗೆ ಹಾಕಿ ಮುಚ್ಚಿಲ್ಲ ತಾನೆ?"

ಫೋಟೋ ಕಳಿಸಿದ ಮಾರನೇ ದಿನವೇ ಉತ್ತರ ಬಂತು. ಪ್ರಿಸರ್ವೇಶನ್‌ಗೆ ಹಾಕಿ, ಮಡ್‌ಗಾರ್ಡ್ ವಿಷಯ ಫಾರಂನಲ್ಲೇ ಬರೆದುಬಿಡಿ, ತೊಳೆಯಿರಿ, ಪಾಲಿಶ್ ಹೊಡೆಯಬೇಡಿ. ಇಷ್ಟು ಸ್ಪಷ್ಟವಾಗಿ ಹೇಳುವವರು ಸಿಗುವುದು ಕಷ್ಟ. ಹೆಚ್ಚಿನ ಕಡೆ "ನಿಮಗೆ ಯಾವುದು ಸರಿ ಅನಿಸುತ್ತೋ ಹಾಕಿ ಮೇಡಂ" ಅಂದು ಫೀಸು ತೆಗೆದುಕೊಳ್ಳುತ್ತಾರೆ.

ಅಣ್ಣನ ಮಗನ ಬಾಯಿ ಮುಚ್ಚಿಸಲು ನನಗೊಂದು ಉದಾಹರಣೆಯೂ ಸಿಕ್ಕಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೆಬಲ್ ಬೀಚ್ ಅಂತ ಶೋ, 1950ರಿಂದ ನಡೆಯುತ್ತಿದೆ, ಈ ಲೋಕದ ಅತಿ ದೊಡ್ಡ ಪ್ರಶಸ್ತಿ ಅವರದು. ಅಲ್ಲಿ ದಶಕಗಟ್ಟಲೆ ಗೆದ್ದದ್ದು ಕನ್ನಡಿಯಂತೆ ಹೊಳೆಯುವ ಗಾಡಿಗಳೇ. 2024ರಲ್ಲಿ ಮೊದಲ ಸಲ ಪ್ರಿಸರ್ವೇಶನ್ ಕ್ಲಾಸಿನ ಕಾರೊಂದು ಇಡೀ ಶೋ ಗೆದ್ದಿತು. 1934ರ ಬುಗಾಟಿ ಟೈಪ್ 59 ಅದು. ಒಂದು ಕಾಲಕ್ಕೆ ಬೆಲ್ಜಿಯಂ ದೊರೆ ಮೂರನೇ ಲಿಯೋಪೋಲ್ಡ್ ಇಟ್ಟುಕೊಂಡಿದ್ದ ರೇಸ್ ಕಾರು. ಅವರು ಹೊಡೆಸಿದ ಕಪ್ಪು ಬಣ್ಣ, ಹಳದಿ ಪಟ್ಟೆ ಸವೆದು ಬಿರುಕು ಬಿಟ್ಟು ಹಾಗೇ ಇದೆ. ಫೋನಿನಲ್ಲಿ ಅದರ ಫೋಟೋ ತೋರಿಸಿದೆ. "ನಮ್ಮ ಟಾಪ್ ಇದಕ್ಕಿಂತ ವಾಸಿ ಅತ್ತೆ" ಅಂದ. ಅಲ್ಲಿಗೆ ಪೇಂಟಿನ ಮಾತು ನಿಂತಿತು.

ಶೋ ದಿನದ ಬಗ್ಗೆ. ಬೆಳಗ್ಗೆ ಏಳಕ್ಕೆ ಗೇಟು. ಒಳಗೆ ಬಿಡುವ ಮುಂಚೆ ಒಂದು ತಪಾಸಣೆ: ಆರ್.ಸಿ., ಇನ್ಶೂರೆನ್ಸು, ಬೆಂಕಿ ಆರಿಸುವ ಸಿಲಿಂಡರ್ ಇದೆಯಾ, ಎಣ್ಣೆ ಸೋರುತ್ತಿದೆಯಾ. ಅಂಬಾಸಿಡರ್ ಅಂದಮೇಲೆ ಎಣ್ಣೆ ಸೋರದೆ ಇರುತ್ತದೆಯೇ? ಕೆಳಗೊಂದು ತಟ್ಟೆ ಇಡಿ ಅಂದರು, ಇಟ್ಟೆವು. ಇದೇ ತಪಾಸಣೆಯಲ್ಲಿ ಕ್ಲಾಸನ್ನೂ ಇನ್ನೊಂದು ಸಲ ನೋಡುತ್ತಾರೆ. ನಮ್ಮ ಮುಂದೆ ಒಂದು ಪದ್ಮಿನಿ ನಿಂತಿತ್ತು. ಅಲಾಯ್ ವೀಲ್, ಬಕೆಟ್ ಸೀಟು, ನೆಲದಿಂದ ಏಳುವ ಗೇರು. ಹುಡುಗ ಅದನ್ನು ಭಾರತದಲ್ಲಿ ತಯಾರಾದದ್ದು ಅನ್ನುವ ಕ್ಲಾಸಿಗೆ ಹಾಕಿದ್ದ. ಅಲ್ಲೇ ಮಾಡಿಫೈಡ್‌ಗೆ ಬದಲಾಯಿಸಿದರು. ಅವನಿಗೆ ಮೊದಲು ಮುಖ ಸಣ್ಣದಾಯಿತು. ಸಂಜೆ ಮಾಡಿಫೈಡ್‌ನಲ್ಲಿ ಮೊದಲ ಬಹುಮಾನ ಅವನಿಗೇ! ಅಲ್ಲಿ ಜಡ್ಜ್ ನೋಡುವುದು ಕೆಲಸದ ಚೊಕ್ಕತನ, ವೆಲ್ಡಿಂಗು, ಹೊಲಿಗೆ. ಅವನದು ನಿಜಕ್ಕೂ ಚೊಕ್ಕವಾಗಿತ್ತು. ಆದರೆ ಅದೇ ಗಾಡಿ ಮೊದಲು ಬರೆಸಿದ ಕ್ಲಾಸಿನಲ್ಲಿ ನಿಂತಿದ್ದರೆ ಆ ವೀಲಿಗೆ, ಆ ಸೀಟಿಗೆ, ಆ ಗೇರಿಗೆ ಒಂದೊಂದೇ ಅಂಕ ಉದುರುತ್ತಿತ್ತು. ಅಲ್ಲಿ ಅಂಕ ಕಳೆಯುವುದಕ್ಕೆ ಕಾರಣವಾದದ್ದೇ ಇಲ್ಲಿ ಅಂಕ ತಂದುಕೊಟ್ಟಿತು.

ನಮ್ಮ ಸರದಿ ಬಂದಾಗ ಹತ್ತೂವರೆ. ಇಬ್ಬರು ಜಡ್ಜುಗಳು. ಒಬ್ಬರು ಪ್ಯಾಡು ಹಿಡಿದು ಬರೆಯುವವರು, ಇನ್ನೊಬ್ಬರು ಪೆನ್ ಟಾರ್ಚ್ ಹಿಡಿದು ಮಂಡಿಯೂರುವವರು. ಬಾನೆಟ್ ತೆಗೆಸಿದರು. ಡೈನಮೋ ಮೇಲೆ ಟಾರ್ಚ್ ಬಿಟ್ಟು ಇನ್ನೊಬ್ಬರಿಗೆ ಕಣ್ಣಲ್ಲೇ ತೋರಿಸಿದರು. ಪೆಟ್ರೋಲ್ ಪೈಪು ಮುಟ್ಟಿ, "ಇದು ಹೊಸದು" ಅಂದರು.

"ಹೌದು ಸಾರ್. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯಲಿಲ್ಲ."

"ಬದಲಾಯಿಸಲೇಬೇಕು. ಟೈರು, ಬೆಲ್ಟು, ಬ್ಯಾಟರಿ, ಪೈಪು, ಇದಕ್ಕೆಲ್ಲ ನಾವು ಅಂಕ ಕಳೆಯಲ್ಲ."

ಆಮೇಲೆ ಹಿಂದಕ್ಕೆ ಹೋದರು. ಎಡಗಡೆ ಮಡ್‌ಗಾರ್ಡಿನ ಅಂಚಿನ ಮೇಲೆ ಬೆರಳಿನ ತುದಿ ಎಳೆದುಕೊಂಡು ಬಂದು ಒಂದು ಕಡೆ ನಿಲ್ಲಿಸಿದರು. ಟೈಲ್ ಲ್ಯಾಂಪಿನ ಸುತ್ತ ಇರುವ ರಬ್ಬರ್ ಮೇಲೆ ಟಾರ್ಚ್ ಬಿಟ್ಟು, "ಇಲ್ಲಿ ನೋಡಿ" ಅಂದರು. ರಬ್ಬರ್ ಅಂಚಿನಲ್ಲಿ ದಾರದಷ್ಟು ಸಣ್ಣಗೆ ನೀಲಿ ಬಣ್ಣ. ಪೇಂಟ್ ಹೊಡೆದವನು ಲ್ಯಾಂಪು ಬಿಚ್ಚದೆ, ಪೇಪರ್ ಅಂಟಿಸಿ ಹೊಡೆದಿದ್ದಾನೆ. ಆ ಗಾಡಿಯನ್ನು ನಾನು ಎಷ್ಟು ವರ್ಷದಿಂದ ಒರೆಸುತ್ತಿದ್ದೇನೆ, ಒಂದು ದಿನವೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. "ಫಾರಂನಲ್ಲಿ ಬರೆದಿದ್ದೀರಿ, ಅದು ಒಳ್ಳೇದಾಯ್ತು" ಅಂದು ಮುಂದಿನ ಗಾಡಿಗೆ ಹೋದರು. ಬರೆಯದೆ ಬಚ್ಚಿಟ್ಟಿದ್ದರೂ ಅವರಿಗೆ ಸಿಗುತ್ತಿತ್ತು. ಆಗ ಉಳಿದ ಮೂರು ಮಡ್‌ಗಾರ್ಡಿನ ಮೇಲೂ ಅವರಿಗೆ ನಂಬಿಕೆ ಇರುತ್ತಿರಲಿಲ್ಲ.

ಅವರು ಗಾಡಿಗಿಂತ ಜಾಸ್ತಿ ಹೊತ್ತು ನೋಡಿದ್ದು ನಮ್ಮ ಫೈಲನ್ನು. ಮಾವನವರು ಕಾಗದ ಎಸೆಯುವ ಜಾತಿಯಲ್ಲ. ಗಾಡಿ ಬುಕ್ ಮಾಡಿ ಕಾದದ್ದು, ಅಲಾಟ್‌ಮೆಂಟ್ ಕಾಗದ, ಮೊದಲ ಬಿಲ್ಲು, ಬಸ್ಸು ಗುದ್ದಿದ ಮೇಲಿನ ರಿಪೇರಿ ರಶೀದಿ ಎಲ್ಲ ಇದೆ. ಈ ಕ್ಲಾಸಿಗೆ ಹಾಕುವವರು ಗಾಡಿ ಒರೆಸುವ ಹೊತ್ತನ್ನು ಕಡಿಮೆ ಮಾಡಿ ಮನೆಯ ಟ್ರಂಕು ಹುಡುಕಿ. ಗಾಡಿ ಮುಂದೆ ನಿಂತು ತೆಗೆಸಿಕೊಂಡ ಹಳೇ ಮದುವೆ ಫೋಟೋ ಸಿಕ್ಕರೂ ಸಾಕು, ಆಗಿನ ಗ್ರಿಲ್ಲು, ಬಂಪರು, ನಂಬರ್ ಪ್ಲೇಟು ಅದರಲ್ಲಿ ಕಾಣುತ್ತದೆ.

ನಮ್ಮ ಕ್ಲಾಸಿನಲ್ಲಿ ನಮಗೆ ಎರಡನೇ ಸ್ಥಾನ. ಮೊದಲನೇದು ಒಂದು ಮೋರಿಸ್ ಮೈನರ್‌ಗೆ ಹೋಯಿತು, ಅದಕ್ಕೆ ಸಲ್ಲಬೇಕಾದ್ದೇ. ಸೀಟಿನ ಹೊಲಿಗೆ ಕೂಡ ಬಿಟ್ಟಿರಲಿಲ್ಲ.

ಇನ್ನು ಬೈಯುವ ಭಾಗ.

1971ರ ಮೇಲಿನ ಕ್ಲಾಸು ಒಂದು ಸಂತೆ. 1983ರ ಡಿಸೆಂಬರ್‌ನಲ್ಲಿ ಹೊರಬಂದ ಮಾರುತಿ 800ಕ್ಕೆ ಮೂವತ್ತು ದಾಟಿ ಎಷ್ಟೋ ವರ್ಷ ಆಯಿತು. ಕಾಂಟೆಸ್ಸಾ, ಪ್ರೀಮಿಯರ್ 118 ಎನ್‌ಇ ಎಲ್ಲ ಈಗ ಅರ್ಹ. ಇವೆಲ್ಲದರ ಜೊತೆ ಸ್ಟ್ಯಾಂಡರ್ಡ್ ಗೆಝೆಲ್ಲು, ಎಪ್ಪತ್ತರ ದಶಕದ ಮರ್ಸಿಡಿಸ್ಸು. ಒಂದು ಮಾರುತಿಯನ್ನೂ ಒಂದು ಮರ್ಸಿಡಿಸ್ಸನ್ನೂ ಒಂದೇ ಹಾಳೆಯಲ್ಲಿ ಹೇಗೆ ತೂಗುತ್ತಾರೋ. ಹಾಸನದ ಫಿಯೆಟ್ಟಿನವರಿಗೆ ಲಾಭ ಅಂದದ್ದು ಇದಕ್ಕೇ, ಆ ಗುಂಪಿನಿಂದ ಪಾರಾದರು. 1985ಕ್ಕೆ ಇನ್ನೊಂದು ಗೆರೆ ಎಳೆಯಲು ಏನಡ್ಡಿ? ಅಲ್ಲಿಯವರೆಗೆ ಮಾರುತಿಯವರಿಗೆ ನನ್ನ ಸಲಹೆ: ಒರಿಜಿನಲ್ ಇದ್ದರೆ ಪ್ರಿಸರ್ವೇಶನ್‌ಗೆ ಹಾಕಿ, ಇಲ್ಲದಿದ್ದರೆ ಭಾರತದಲ್ಲಿ ತಯಾರಾದದ್ದಕ್ಕೆ. 1971ರ ಮೇಲಿನ ಕ್ಲಾಸಿನ ಗೊಡವೆ ಬೇಡ.

ದ್ವಿಚಕ್ರದ ಪಾಡು ಇನ್ನೂ ಕಷ್ಟ. ಎಲ್ಲಕ್ಕೂ ಸೇರಿ ಒಂದೇ ಕ್ಲಾಸು. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯ ಅರವತ್ತರ ದಶಕದ ಜಾವಾ, ಅದೇ ಫ್ಯಾಕ್ಟರಿಯ ಎಂಬತ್ತರ ದಶಕದ ಯೆಜ್ಡಿ, ಲ್ಯಾಂಬ್ರೆಟಾ, ಬುಲೆಟ್ಟು ಎಲ್ಲ ಒಂದೇ ಶಾಮಿಯಾನದ ಕೆಳಗೆ. ಮೈಸೂರಿನವಳಾಗಿ ನನಗೆ ಇದು ಜಾಸ್ತಿ ಚುಚ್ಚಿತು.

ಪ್ರಿಸರ್ವೇಶನ್ ಗಾಡಿಗಳನ್ನು ನಿಲ್ಲಿಸಿದ್ದು ಮೈದಾನದ ಕೊನೆಯಲ್ಲಿ, ಜನರೇಟರ್ ಪಕ್ಕ. ಮುಂದೆ ಹೊಳೆಯುವ ಗಾಡಿ, ಹಿಂದೆ ನಾವು. ಬಂದವರಲ್ಲಿ ಅರ್ಧ ಜನ ನಮ್ಮ ಸಾಲನ್ನು ರಿಪೇರಿಗೆ ಬಂದ ಗಾಡಿ ಅಂದುಕೊಂಡರು. ಒಬ್ಬರು "ಯಾವಾಗ ಪೇಂಟ್ ಮಾಡಿಸ್ತೀರಿ?" ಅಂತಲೂ ಕೇಳಿದರು. ಆ ಸಾಲಿನ ಮುಂದೆ ಎರಡು ಸಾಲು ಬರೆದ ಒಂದು ಬೋರ್ಡ್ ಇದ್ದಿದ್ದರೆ ಅಷ್ಟೂ ಮಾತು ಉಳಿಯುತ್ತಿತ್ತು.

ಡ್ಯಾಶ್‌ಬೋರ್ಡ್ ಮೇಲಿಡುವ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ "ಶ್ರೀ" ಅಂತ ಅಚ್ಚಾಗಿತ್ತು. ಎಲ್ಲ ಕಾರ್ಡೂ ಒಂದೇ ಅಚ್ಚು, ಗಾಡಿ ಇಟ್ಟವರು ಗಂಡಸರೇ ಅಂತ ಲೆಕ್ಕ. ಪೆನ್ನಲ್ಲಿ "ಮತಿ" ಸೇರಿಸಿಕೊಂಡೆ. ನಮ್ಮ ಯಜಮಾನರು ಅತ್ತ ಕೂತು ಪೇಪರ್ ಓದುತ್ತಿದ್ದರೂ ಮೂರ್ನಾಲ್ಕು ಜನ ಇಂಜಿನ್ ಬಗ್ಗೆ ಅವರನ್ನೇ ಹೋಗಿ ಕೇಳಿದರು. ಅವರು ಪೇಪರಿನಿಂದ ತಲೆ ಎತ್ತದೆ ನನ್ನ ಕಡೆ ಕೈ ತೋರಿಸಿದರು.

ಅಂಕದ ಹಾಳೆ ಕೇಳಿದರೆ ಮಾತ್ರ ಕೊಡುತ್ತಾರೆ. ಕೇಳಿ. ನಾಚಿಕೆ ಬೇಡ. ಎಲ್ಲಿ ಎಷ್ಟು ಹೋಯಿತು ಅನ್ನುವುದು ಅದರಲ್ಲಿರುತ್ತದೆ, ಮುಂದಿನ ಸಲ ಕ್ಲಾಸ್ ಆರಿಸುವಾಗ ಅದಕ್ಕಿಂತ ಒಳ್ಳೇ ಗೈಡು ಬೇರೆ ಇಲ್ಲ. ನಮ್ಮ ಹಾಳೆಯಲ್ಲಿ ಸೀಟಿಗೆ ಹೋದ ಅಂಕ ಮಡ್‌ಗಾರ್ಡಿಗೆ ಹೋದದ್ದಕ್ಕಿಂತ ಜಾಸ್ತಿ. ಹೊಲಿಗೆ ಬಿಟ್ಟದ್ದಕ್ಕಲ್ಲ, ಅದನ್ನು ಹಾಗೇ ಬಿಟ್ಟು ಇನ್ನಷ್ಟು ಹರಿಯಲು ಕೊಟ್ಟದ್ದಕ್ಕೆ. ಅದೇ ರೆಕ್ಸಿನ್, ಅದೇ ತೂತುಗಳಲ್ಲಿ ಹೊಸ ದಾರ ಹಾಕಿ ಹೊಲಿದರೆ ತಪ್ಪಲ್ಲ ಅಂತ ಟಾರ್ಚಿನವರು ಆಮೇಲೆ ಹೇಳಿದರು. ಈಗ ಮೈಸೂರಿನಲ್ಲಿ ಅಷ್ಟು ತಾಳ್ಮೆಯ ಸೀಟ್ ಹೊಲಿಯುವವರನ್ನು ಹುಡುಕುತ್ತಿದ್ದೇನೆ. ಗೊತ್ತಿದ್ದವರು ತಿಳಿಸಿ.

ತಿಂಡಿಗೆ ಇಡ್ಲಿ, ವಡೆ, ಖಾರಾಬಾತ್. ವಡೆ ಚೆನ್ನಾಗಿತ್ತು. ಮಧ್ಯಾಹ್ನದ ಊಟದ ಕೂಪನ್ ಗಾಡಿಗೆ ಎರಡೇ, ಮೂರನೆಯವರಿದ್ದರೆ ಹೊರಗೆ ತಿನ್ನಬೇಕು. ನೆರಳು ಇಲ್ಲ, ಕೊಡೆ ತನ್ನಿ. ಎಂಟ್ರಿ ಫೀ ಎರಡು ಸಾವಿರ, ಕ್ಲಾಸ್ ಬದಲಾಯಿಸಿದರೆ ಮತ್ತೆ ಕೊಡಬೇಕಿಲ್ಲ. ಆದರೆ ಪ್ರಿಸರ್ವೇಶನ್‌ಗೆ ಫೋಟೋ ನೋಡಿಯೇ ತೆಗೆದುಕೊಳ್ಳುವುದರಿಂದ ಕೊನೇ ದಿನದವರೆಗೆ ಕಾಯಬೇಡಿ. ಸ್ಟೆಪ್ನಿ ಗುಂಡಿಯನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಹಾಕಿದರೆ ಬಣ್ಣ ಬೇರೆಯೇ ಕಾಣುತ್ತದೆ, ವಾಪಸ್ ಕಳಿಸುತ್ತಾರೆ.